ಹ್ಯಾಪಿ ಅವರ್ಸಾ, ರಾತ್ರಿ ಊಟಾನಾ, ಮಧ್ಯಾಹ್ನದ ಟೇಬಲ್ಲಾ? ಫ್ರೆಂಡ್ಸ್ ಜೊತೆ ಹೊರಗೆ ಹೋಗೋಕ್ಮುಂಚೆ ಒಂದ್ ಲೆಕ್ಕ

ನಮ್ ಗ್ಯಾಂಗಿನ ವಾಟ್ಸಾಪ್ ಗ್ರೂಪಲ್ಲಿ "ಶುಕ್ರವಾರ ಸಿಗೋಣ್ವಾ" ಅಂತ ಒಬ್ಬ ಹಾಕಿದ್ರೆ ಅರವತ್ತು ಮೆಸೇಜ್ ಆದ್ಮೇಲೂ ಎಲ್ಲಿ ಅನ್ನೋದು ಫಿಕ್ಸ್ ಆಗಲ್ಲ, ಕೊನೆಗೆ ಯಾರೋ ಒಬ್ಬ ಆಫರಿನ ಸ್ಕ್ರೀನ್‌ಶಾಟ್ ಎಸೀತಾನೆ, "ಒಂದಕ್ಕೆ ಒಂದು ಫ್ರೀ, ಏಳು ಗಂಟೆ ತನಕ", ಎಲ್ರೂ ಹೆಬ್ಬೆರಳು ಎತ್ತಿಬಿಡ್ತಾರೆ, ಮುಗೀತು ಕಥೆ. ಹಂಗೆ ಡಿಸೈಡ್ ಆದ ಸಂಜೆಗಳಲ್ಲಿ ಅರ್ಧಕ್ಕರ್ಧ ಸಂಜೆ ಹಾಳಾಗಿರೋದೇ ಜಾಸ್ತಿ. ಆಫರ್ ಸುಳ್ಳು ಅಂತಲ್ಲ, ಆಫರ್ ಸರಿಯಾಗೇ ಇತ್ತು. ಆದ್ರೆ ನಾವು ಯಾತಕ್ಕೆ ಸೇರ್ತಿದೀವಿ, ಮಾತಾಡೋಕಾ, ಹೊಟ್ಟೆ ತುಂಬ ತಿನ್ನೋಕಾ, ಇಲ್ಲ ಎರಡು ಪೆಗ್ ಹಾಕಿ ಆಫೀಸ್ ತಲೆನೋವು ಇಳಿಸ್ಕೊಳೋಕಾ, ಅದನ್ನ ಯಾರೂ ಕೇಳಿರ್ಲಿಲ್ಲ. ಈ ಮೂರಕ್ಕೂ ಬೇರೆ ಬೇರೆ ಟೈಮು, ಬೇರೆ ಬೇರೆ ಥರದ ಜಾಗ ಬೇಕು. ಅದನ್ನೇ ಒಂದ್ಸಲ ಕೂತು ಬರೆಯೋಣ ಅನ್ನಿಸ್ತು.

ಮೊದ್ಲು ಈ ಹ್ಯಾಪಿ ಅವರ್ಸ್, ಅಂದ್ರೆ ಡ್ರಿಂಕ್ಸ್ ಕಮ್ಮಿ ಬೆಲೆಗೆ ಕೊಡೋ ಹೊತ್ತು, ಯಾಕಿದೆ ಅಂತ ನೋಡಿ. ರೆಸ್ಟೋರೆಂಟ್‌ಗೆ ಮಧ್ಯಾಹ್ನದ ಊಟದ ಗಲಾಟೆ ಮೂರಕ್ಕೆ ಮುಗಿಯತ್ತೆ, ರಾತ್ರಿದು ಎಂಟರ ಮೇಲೆ ಶುರು ಆಗತ್ತೆ, ನಡುವೆ ನಾಲ್ಕೈದು ಗಂಟೆ ಕುರ್ಚಿಗಳು ಖಾಲಿ. ಬಾಡಿಗೆ ಓಡ್ತಾನೇ ಇರತ್ತೆ, ಕರೆಂಟ್ ಓಡ್ತಾನೇ ಇರತ್ತೆ, ಸಂಬಳ ಕೊಡ್ಲೇಬೇಕು. ಐದು ಗಂಟೆಗೆ ಖಾಲಿ ಹೋದ ಕುರ್ಚಿನ ತೆಗೆದಿಟ್ಟು ಒಂಬತ್ತು ಗಂಟೆಗೆ ಮಾರೋಕಾಗಲ್ಲ, ಬಸ್ಸಲ್ಲಿ ಖಾಲಿ ಸೀಟ್ ಇದ್ದಂಗೆ. ಅದಕ್ಕೇ ಆ ಹೊತ್ತಲ್ಲಿ ಬೆಲೆ ಇಳಿಸ್ತಾರೆ. ಅಂದ್ರೆ ನಿಮಗೆ ಕಮ್ಮಿಗೆ ಸಿಗ್ತಿರೋದು ಬರೀ ಡ್ರಿಂಕ್ ಅಲ್ಲ, ಯಾರಿಗೂ ಬೇಡದ ಹೊತ್ತು. ಆ ಹೊತ್ತು ನಿಮಗೆ ಬೇಕಾ ಅನ್ನೋದೇ ಅಸಲಿ ಪ್ರಶ್ನೆ.

ಹೆಸರಿನ ಕಥೆ ಇನ್ನೂ ಮಜವಾಗಿದೆ. 1913-14ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಅರ್ಕಾನ್ಸಾ ಅನ್ನೋ ಹಡಗಲ್ಲಿ ನಾವಿಕರಿಗೆ ಬೇಜಾರಾಗ್ಬಾರ್ದು ಅಂತ ಬಾಕ್ಸಿಂಗು, ಕುಸ್ತಿ, ಹಾಡು, ಸಿನಿಮಾ ಇಟ್ಕೊಳ್ತಿದ್ರು, ಅದಕ್ಕೆ ಹ್ಯಾಪಿ ಅವರ್ ಅಂತಿದ್ರು. ಅದೇ 1914ರ ಜುಲೈಯಿಂದ ಆ ನೌಕಾಪಡೆಯ ಹಡಗುಗಳಲ್ಲಿ ಮದ್ಯ ಬಂದ್ ಆಯ್ತು! ಹಾಗಾಗಿ ಹ್ಯಾಪಿ ಅವರ್ ಅನ್ನೋ ಪದಕ್ಕೂ ಗ್ಲಾಸಿಗೂ ಶುರುವಲ್ಲಿ ಸಂಬಂಧಾನೇ ಇರ್ಲಿಲ್ಲ, ಅದು ಬೇಜಾರು ಕಳೆಯೋ ಹೊತ್ತು ಅಷ್ಟೆ. ಕುಡಿಯದೇ ಇರೋ ಫ್ರೆಂಡ್ ನಿಮ್ ಗ್ಯಾಂಗಲ್ಲಿದ್ರೆ ಅವನಿಗೆ ಇದನ್ನ ಹೇಳಿ, ಖುಷಿಪಡ್ತಾನೆ. ಇನ್ನೊಂದು, ಈ ಆಫರ್ ಎಲ್ಲಾ ಕಡೆ ನಡಿಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1984ರಲ್ಲಿ ನಿಲ್ಲಿಸ್ತು, ಐರ್ಲೆಂಡ್ 2003ರಲ್ಲಿ ಕಾನೂನು ಮಾಡಿ ದಿನದ ಒಂದಷ್ಟು ಹೊತ್ತಿಗೆ ಮಾತ್ರ ಬೆಲೆ ಇಳಿಸಿ ಮದ್ಯ ಮಾರೋ ಹಂಗಿಲ್ಲ ಅಂತು. ಕಾರಣ ಸಿಂಪಲ್, ಗಡಿಯಾರ ನೋಡ್ಕೊಂಡು ಕುಡಿಯೋನು ಬೇಗ ಬೇಗ ಕುಡೀತಾನೆ. ಇದನ್ನ ನೆನಪಿಟ್ಕೊಳಿ, ಮುಂದೆ ಕೆಲ್ಸಕ್ಕೆ ಬರತ್ತೆ.

ಆಫರ್‌ಗಳಲ್ಲೇ ಯಾವುದು ಮೇಲು

ಒಂದಕ್ಕೊಂದು ಫ್ರೀ ಇರೋ ಜಾಗ, ಬಿಲ್ ಮೇಲೆ ಮೂವತ್ತು ಪರ್ಸೆಂಟ್ ಕಮ್ಮಿ ಮಾಡೋ ಜಾಗ, ಎರಡೂ ಪಕ್ಕಪಕ್ಕದಲ್ಲಿದ್ರೆ ಎಲ್ಲಿಗೆ ನುಗ್ತೀರಾ? ಹತ್ತರಲ್ಲಿ ಒಂಬತ್ತು ಜನ ಮೊದಲನೇದಕ್ಕೇ. ಲೆಕ್ಕ ಹಾಕಿ ನೋಡಿ. ನೀವು ಒಂದೇ ಡ್ರಿಂಕ್ ತಗೊಳೋರಾದ್ರೆ ಒಂದಕ್ಕೊಂದರಲ್ಲಿ ಉಳಿಯೋದು ಸೊನ್ನೆ, ಪೂರ್ತಿ ಬೆಲೆ ಕೊಟ್ಟು ಬೇಡದಿರೋ ಇನ್ನೊಂದನ್ನ ಮುಂದೆ ಇಟ್ಕೊಂಡು ಕೂರ್ತೀರ, ಮೂವತ್ತು ಪರ್ಸೆಂಟ್ ಜಾಗದಲ್ಲಿ ನಿಜವಾಗ್ಲೂ ಮೂವತ್ತು ಉಳಿಯತ್ತೆ. ಎರಡು ತಗೊಂಡ್ರೆ ಒಂದಕ್ಕೊಂದೇ ರಾಜ, ಅರ್ಧಕ್ಕರ್ಧ ಉಳೀತು. ಮೂರು ತಗೊಂಡ್ರೆ ಎರಡರ ದುಡ್ಡು ಕೊಡ್ತೀರ, ಅಂದ್ರೆ ಮೂವತ್ಮೂರು ಪರ್ಸೆಂಟ್ ಉಳಿತಾಯ, ಪಕ್ಕದ ಜಾಗಕ್ಕೂ ಇದಕ್ಕೂ ಫರಕೇ ಇಲ್ಲ. ಆದ್ರೆ ಮೂರಕ್ಕೆ ಯಾರು ನಿಲ್ಲಿಸ್ತಾರೆ, "ನಾಲ್ಕನೇದು ಫ್ರೀ ಅಲ್ವಾ ಗುರೂ" ಅಂತ ಅದೂ ಬರತ್ತೆ. ಹಿಂಗೆ ಆಫರ್ ಬೆಸ ಸಂಖ್ಯೆನ ಸಮ ಸಂಖ್ಯೆ ಮಾಡ್ಸತ್ತೆ, ಅದರ ಜೊತೆ ನೆಂಚ್ಕೊಳೋಕೆ ಇನ್ನೊಂದ್ ಪ್ಲೇಟ್ ಸ್ಟಾರ್ಟರು, ಅದಕ್ಕೆ ಯಾವ ಆಫರೂ ಇರಲ್ಲ, ಅಲ್ಲೇ ಅವರಿಗೆ ದುಡ್ಡು.

ಒಂದಕ್ಕೊಂದರಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೂ ಇವೆ. ಎರಡೂ ಒಟ್ಟಿಗೇ ತಂದಿಡ್ತಾರಾ? ತಂದ್ರೆ ಎರಡನೇ ಬಿಯರ್ ನಿಮ್ ಬಾಯಿಗೆ ಬರೋ ಹೊತ್ತಿಗೆ ಬೆಚ್ಚಗಾಗಿರತ್ತೆ, ಕಾಕ್ಟೇಲ್ ಆದ್ರೆ ಐಸ್ ಕರಗಿ ಬಣ್ಣದ ನೀರು. "ಒಂದು ಈಗ ಕೊಡಿ, ಇನ್ನೊಂದು ಹೇಳ್ದಾಗ ತನ್ನಿ" ಅಂದ್ರೆ ತುಂಬ ಕಡೆ ಒಪ್ತಾರೆ, ಕೇಳೋಕೆ ನಾಚಿಕೆ ಬೇಡ. ಎರಡನೇದನ್ನ ಪಕ್ಕದಲ್ಲಿ ಕೂತಿರೋ ಫ್ರೆಂಡಿಗೆ ಕೊಡಬಹುದಾ? ಕೆಲವು ಕಡೆ ಒಬ್ಬರಿಗೇ ಅಂತ ರೂಲು, ಕೆಲವು ಕಡೆ ತಲೆ ಕೆಡಿಸ್ಕೊಳಲ್ಲ, ಇಬ್ಬರು ಹೋಗಿ ತಲಾ ಒಂದು ಕುಡಿದು ಒಂದರ ದುಡ್ಡು ಕೊಡೋದು ಇದೆಯಲ್ಲ, ಈ ಆಫರ್‌ನ ಅದಕ್ಕಿಂತ ಚೆನ್ನಾಗಿ ಬಳಸೋ ದಾರಿ ನನಗಂತೂ ಗೊತ್ತಿಲ್ಲ. ಯಾವ ಬ್ರ್ಯಾಂಡ್ ಮೇಲೆ ಆಫರ್? ಸಾಮಾನ್ಯವಾಗಿ ಅವರ ಹತ್ರ ಇರೋದ್ರಲ್ಲೇ ಕಮ್ಮಿದು, ಇಲ್ಲ ಬೇಗ ಖಾಲಿ ಮಾಡ್ಬೇಕಾಗಿರೋದು. ನಿಮಗಿಷ್ಟದ್ದು ಆ ಲಿಸ್ಟಲ್ಲಿ ಇಲ್ಲ ಅಂದ್ರೆ ಅಷ್ಟು ದೂರ ಹೋಗೋದೇ ವೇಸ್ಟ್.

ಟೈಮಿನ ವಿಷಯ ಅಂತೂ ಕೇಳ್ಲೇಬೇಡಿ. ಒಂದ್ಸಲ ಏಳಕ್ಕೆ ಐದು ನಿಮಿಷ ಇದ್ದಾಗ ಎಂಟು ಜನದ ಕೊನೇ ರೌಂಡ್ ಹೇಳಿದ್ವಿ, ವೇಟರ್ ಪಾಪ ಮೂರು ಟೇಬಲ್ ನೋಡ್ಕೊಳ್ತಿದ್ದ, ಸಿಸ್ಟಂಗೆ ಹಾಕಿದ್ದು ಏಳು ದಾಟಿದ್ಮೇಲೆ, ಬಿಲ್ಲಲ್ಲಿ ಎಂಟೂ ಫುಲ್ ರೇಟು. ಜಗಳ ಆಡಿ ಅರ್ಧ ಕಮ್ಮಿ ಮಾಡಿಸ್ಕೊಂಡ್ವಿ, ಆದ್ರೆ ಮೂಡ್ ಹೋಯ್ತಲ್ಲ. ಅವತ್ತು ಕಲಿತಿದ್ದು ಏನಂದ್ರೆ ನೀವು ಹೇಳಿದ ಟೈಮ್ ಲೆಕ್ಕಕ್ಕಿಲ್ಲ, ಕೆಓಟಿ, ಅಂದ್ರೆ ಅಡುಗೆಮನೆಗೆ ಹೋಗೋ ಆರ್ಡರ್ ಚೀಟಿ, ಅದರ ಮೇಲೆ ಪ್ರಿಂಟ್ ಆಗೋ ಟೈಮೇ ಲೆಕ್ಕ. ಕೊನೇ ಆರ್ಡರ್ ಹದಿನೈದು ನಿಮಿಷ ಮುಂಚೆ ಹೇಳಿ, ಹೋದ ತಕ್ಷಣ ಕ್ಯಾಪ್ಟನ್ ಹತ್ರ "ಲಾಸ್ಟ್ ಆರ್ಡರ್ ಎಷ್ಟೊತ್ತಿಗೆ" ಅಂತ ಕೇಳ್ಕೊಳಿ.

ಇನ್ನು "ಎರಡು ಗಂಟೆ ಎಷ್ಟಾದ್ರೂ ಕುಡೀರಿ" ಅನ್ನೋ ಅನ್‌ಲಿಮಿಟೆಡ್ ಥರದ್ದು. ನನ್ನ ಅಭಿಪ್ರಾಯ ಕೇಳಿದ್ರೆ, ಬೇಡ. ಕೊಟ್ಟ ದುಡ್ಡು ವಸೂಲಿ ಮಾಡೋ ಹಟಕ್ಕೆ ಬಿದ್ದು ಕುಡಿಯೋ ಸಂಜೆಯಲ್ಲಿ ಮಾತೂ ಇರಲ್ಲ, ರುಚಿನೂ ಇರಲ್ಲ, ಮಾರನೇ ದಿನಾನೂ ಇರಲ್ಲ.

ಗ್ಲಾಸಿನ ಅಳತೆ

ಕಮ್ಮಿ ಬೆಲೆ ಅಂತ ನೋಡೋರು ಎಷ್ಟು ಮಿಲಿ ಅಂತ ನೋಡೋದೇ ಇಲ್ಲ. ಪಿಂಟ್ ಅಂದ್ರೆ ಬ್ರಿಟನ್‌ನಲ್ಲಿ 568 ಮಿಲಿ, ಅಮೆರಿಕದಲ್ಲಿ 473, ಕೆಲವು ಕಡೆ 330ರ ಬಾಟಲಿಗೂ ಪಿಂಟ್ ಅಂತಾನೇ ಕರೀತಾರೆ. ಮೆನುವಲ್ಲಿ ಮಿಲಿ ಬರೆದಿಲ್ಲ ಅಂದ್ರೆ ಕೇಳಿ, ಎರಡು ಜಾಗದ ಬೆಲೆ ಹೋಲಿಸೋದಾದ್ರೆ ನೂರು ಮಿಲಿಗೆ ಎಷ್ಟು ಬೀಳತ್ತೆ ಅಂತ ಹೋಲಿಸಿ, ಆಗ ಎಷ್ಟೋ ಆಫರ್‌ಗಳ ಬಣ್ಣ ಬಯಲಾಗತ್ತೆ.

ಅಳತೆ ಜೇಬಿಗಷ್ಟೇ ಅಲ್ಲ, ತಲೆಗೂ ಮುಖ್ಯ. 5 ಪರ್ಸೆಂಟಿನ 330 ಮಿಲಿ ಬಿಯರ್, 12 ಪರ್ಸೆಂಟಿನ 150 ಮಿಲಿ ವೈನ್, 40 ಪರ್ಸೆಂಟಿನ 44 ಮಿಲಿ ವಿಸ್ಕಿ, ಮೂರರಲ್ಲೂ ಶುದ್ಧ ಆಲ್ಕೋಹಾಲ್ ಹೆಚ್ಚುಕಮ್ಮಿ ಒಂದೇ, 13-14 ಗ್ರಾಂ. ಅಮೆರಿಕದಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂತ ಲೆಕ್ಕ ಹಾಕೋದು ಈ 14 ಗ್ರಾಮನ್ನೇ, ಆಸ್ಟ್ರೇಲಿಯಾದಲ್ಲಿ ಅದು 10, ಬ್ರಿಟನ್ನಿನ ಒಂದು ಯೂನಿಟ್ ಅಂದ್ರೆ 8. "ನಂದು ಬರೀ ಎರಡೇ ಆಗಿದ್ದು ಮಚ್ಚಾ" ಅನ್ನೋ ಫ್ರೆಂಡಿನ ಎರಡು, 8 ಪರ್ಸೆಂಟಿನ ಅರ್ಧ ಲೀಟರ್ ಸ್ಟ್ರಾಂಗ್ ಬಿಯರ್ ಆಗಿದ್ರೆ ಒಂದೊಂದರಲ್ಲೂ ಮೂವತ್ತು ಗ್ರಾಂ ದಾಟತ್ತೆ, ಅಂದ್ರೆ ಅವನ ಎರಡು ನಾಲ್ಕಕ್ಕಿಂತ ಜಾಸ್ತಿ. ಲಿವರ್ ಮಾತ್ರ ಗಂಟೆಗೆ ಸುಮಾರು ಒಂದು ಸ್ಟ್ಯಾಂಡರ್ಡ್ ಡ್ರಿಂಕಿನಷ್ಟೇ ಕರಗಿಸೋದು, ಅದಕ್ಕೆ ಆಫರ್ ಗೀಫರ್ ಗೊತ್ತಾಗಲ್ಲ, ಕಾಫಿ ಕುಡಿದ್ರೂ ಮುಖಕ್ಕೆ ತಣ್ಣೀರು ಎರಚಿದ್ರೂ ಅದರ ಸ್ಪೀಡ್ ಜಾಸ್ತಿ ಆಗಲ್ಲ.

ಇಲ್ಲೇ ಹ್ಯಾಪಿ ಅವರ್ಸಿಗೂ ರಾತ್ರಿ ಊಟಕ್ಕೂ ದೊಡ್ಡ ವ್ಯತ್ಯಾಸ ಇರೋದು. ಆಫೀಸ್ ಮುಗಿಸ್ಕೊಂಡು ಐದೂವರೆಗೆ ಹೋಗೋರ ಹೊಟ್ಟೆಲಿ ಒಂದು ಗಂಟೆಗೆ ತಿಂದ ಊಟ ಎಲ್ಲಿರತ್ತೆ. ಆಲ್ಕೋಹಾಲಿನ ಹೆಚ್ಚಿನ ಪಾಲು ರಕ್ತಕ್ಕೆ ಸೇರೋದು ಸಣ್ಣ ಕರುಳಲ್ಲಿ, ಹೊಟ್ಟೆಲಿ ಊಟ ಇದ್ರೆ ಅದು ನಿಧಾನಕ್ಕೆ ಕೆಳಗಿಳಿಯತ್ತೆ, ಖಾಲಿ ಇದ್ರೆ ಸೀದಾ ಇಳಿದು ಅರ್ಧ ಗಂಟೆಲೇ ತಲೆಗೆ ಹತ್ತತ್ತೆ. ರಾತ್ರಿ ಊಟದ ಜೊತೆ ತಗೊಂಡ ಅದೇ ಎರಡು ಗ್ಲಾಸ್ ಅಷ್ಟು ಕಾಟ ಕೊಡಲ್ಲ. ಹಂಗಾಗಿ ಹ್ಯಾಪಿ ಅವರ್ಸಿಗೆ ಹೋಗೋದಾದ್ರೆ ಮೊದ್ಲು ತಿನ್ನೋಕೆ ಹೇಳಿ, ಅದು ಟೇಬಲ್‌ಗೆ ಬಂದ್ಮೇಲೆ ಗ್ಲಾಸ್ ಮುಟ್ಟಿ. ಗಾಡಿ ಯಾರು ಓಡಿಸ್ತಾರೆ ಅನ್ನೋದು ಮೊದಲನೇ ಗ್ಲಾಸಿಗಿಂತ ಮುಂಚೆ ಡಿಸೈಡ್ ಆಗಿರ್ಬೇಕು, ಮೂರನೇದು ಮುಗಿದ್ಮೇಲೆ ಎಲ್ರಿಗೂ ತಾವೇ ಬೆಸ್ಟ್ ಡ್ರೈವರ್ ಅನ್ಸತ್ತೆ.

ಅಡುಗೆಮನೆ ಯಾವ ಹೊತ್ತಲ್ಲಿ ಎಚ್ಚರ ಇರತ್ತೆ

ಇದನ್ನ ಯಾರೂ ಯೋಚ್ನೆ ಮಾಡಲ್ಲ. ಸಂಜೆ ನಾಲ್ಕರಿಂದ ಆರೂವರೆ ತನಕ ಅಡುಗೆಮನೆಯಲ್ಲಿ ರಾತ್ರಿಗೆ ಹೆಚ್ಚೋದು, ಅರೆಯೋದು, ಮಸಾಲೆ ರೆಡಿ ಮಾಡೋದು ನಡೀತಿರತ್ತೆ, ಮುಖ್ಯ ಅಡುಗೆಯವರು ರೆಸ್ಟಲ್ಲಿರ್ತಾರೆ, ಡ್ಯೂಟಿ ಬದಲಾಗ್ತಿರತ್ತೆ. ಅದಕ್ಕೇ ಆ ಹೊತ್ತಿನ ಮೆನು ಚಿಕ್ಕದು, ಅದ್ರಲ್ಲಿ ಮುಕ್ಕಾಲು ಪಾಲು ಎಣ್ಣೆಗೆ ಬಿಟ್ಟು ತೆಗೆಯೋವೇ. ಉಪ್ಪು, ಖಾರ ಸ್ವಲ್ಪ ಮುಂದು, ತಿಂದಷ್ಟೂ ಬಾಯಾರತ್ತೆ, ಬಾಯಾರಿದಷ್ಟೂ ಇನ್ನೊಂದು ಗ್ಲಾಸು. ಫ್ರೀ ಅಂತ ಇಡೋ ಉಪ್ಪು ಹಾಕಿದ ಕಡಲೆಬೀಜದ ಬಟ್ಟಲಿನ ಹಿಂದಿನ ಲೆಕ್ಕಾಚಾರಾನೂ ಇದೇ. ಬೈತಿಲ್ಲ, ಬಿಸಿಬಿಸಿ ಕರಿದಿದ್ದು ಎರಡು ಪ್ಲೇಟ್, ತಣ್ಣಗಿರೋ ಗ್ಲಾಸು, ಅದಕ್ಕೆ ಅದರದೇ ಸುಖ ಇದೆ. ಆದ್ರೆ "ಇವತ್ತು ಚೆನ್ನಾಗಿ ಊಟ ಮಾಡ್ಬೇಕು" ಅಂತ ಹೊರಟು ಹ್ಯಾಪಿ ಅವರ್ಸ್ ಹೊತ್ತಿಗೆ ಹೋದ್ರೆ ಬೇಜಾರೇ ಗತಿ.

ಊಟಾನೇ ಮುಖ್ಯ ಅನ್ನೋರಿಗೆ ನಾನು ಹೇಳೋದು ವಾರದ ನಡುವಿನ ರಾತ್ರಿ, ಏಳೂವರೆ ಎಂಟರ ಒಳಗೆ. ಅಡುಗೆಮನೆ ಫುಲ್ ಕೈಯಲ್ಲಿರತ್ತೆ, ಮೆನು ಪೂರ್ತಿ ಸಿಗತ್ತೆ, ಆದ್ರೆ ರಷ್ ಇನ್ನೂ ಶುರು ಆಗಿರಲ್ಲ. ಅದೇ ಜಾಗಕ್ಕೆ ಶನಿವಾರ ಒಂಬತ್ತಕ್ಕೆ ಹೋದ್ರೆ ಅದೇ ಐಟಂ ಬೇರೆ ರುಚಿ ಇರತ್ತೆ, ಒಂದೇ ಸಲ ನಲವತ್ತು ಆರ್ಡರ್ ಬಿದ್ದಾಗ ಯಾರ ಕೈಲೂ ಒಂದೊಂದು ಪ್ಲೇಟಿಗೂ ಗಮನ ಕೊಡೋಕಾಗಲ್ಲ, ಅಡುಗೆಯವರನ್ನ ಬೈದು ಉಪಯೋಗ ಇಲ್ಲ. ಜೊತೆಗೆ ವೀಕೆಂಡಲ್ಲಿ ಒಂದೂವರೆ ಗಂಟೆ ಆದ್ಮೇಲೆ "ಇನ್ನೇನಾದ್ರೂ ಬೇಕಾ ಸರ್" ಅಂತ ಮೂರು ಸಲ ಬಂದು ಕೇಳೋ ಧಾಟಿಯಲ್ಲೇ ಗೊತ್ತಾಗತ್ತೆ, ಹೊರಗಡೆ ಜನ ಕಾಯ್ತಿದಾರೆ, ಎದ್ದೇಳಿ ಅಂತ.

ಮಧ್ಯಾಹ್ನದ ಊಟ ಯಾಕೋ ನಮ್ಮ ಲಿಸ್ಟಲ್ಲೇ ಬರಲ್ಲ, ಆದ್ರೆ ಮನೆಯವರು, ಮಕ್ಕಳು, ವಯಸ್ಸಾದೋರು ಜೊತೆಗಿದ್ರೆ ಅದಕ್ಕಿಂತ ಒಳ್ಳೇದಿಲ್ಲ. ಬೆಳಕಿರತ್ತೆ, ಎಷ್ಟೋ ಕಡೆ ಲಂಚ್ ಮೆನು ಅಂತ ಕಮ್ಮಿ ಬೆಲೆಗೆ ಅದೇ ಅಡುಗೆ ಕೊಡ್ತಾರೆ, ಎರಡು ಗಂಟೆ ಮೇಲೆ ಹೋದ್ರೆ ಸದ್ದೂ ಕಮ್ಮಿ, ಎಬ್ಬಿಸೋರೂ ಇಲ್ಲ. ಬಫೆ ಆದ್ರೆ ಮಾತ್ರ ಉಲ್ಟಾ, ಶುರುವಾದ ಮೊದಲ ಅರ್ಧ ಗಂಟೆಲೇ ಹೋಗಿ. ಬೇಯಿಸಿದ್ದು ತಿನ್ನೋ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇ ಬಿಸಿ ಇರ್ಬೇಕು, ಸುಮ್ನೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಮುಚ್ಚಳ ತೆಗೆದಾಗ ಹಬೆ ಬರ್ದಿದ್ರೆ ಆ ಪಾತ್ರೆ ಬಿಟ್ಟು ಮುಂದಕ್ಕೆ ಹೋಗಿ, ಅಷ್ಟೆ.

ಕುಡಿಯದೋನು, ಕಮ್ಮಿ ತಿನ್ನೋನು, ಮತ್ತೆ ಬಿಲ್ಲು

ನಮ್ ಗ್ಯಾಂಗಲ್ಲಿ ಒಬ್ಬ ಇದ್ದ, ಕುಡಿಯಲ್ಲ, ಮಾತಲ್ಲಿ ಮಾತ್ರ ಎಲ್ರಿಗಿಂತ ಮುಂದೆ. ಮೂರ್ನಾಲ್ಕು ಸಲ ಬಂದ, ಆಮೇಲೆ ಪ್ರತಿ ಸಲಾನೂ "ಮನೇಲಿ ಕೆಲ್ಸ ಇದೆ" ಅನ್ನೋಕೆ ಶುರು ಮಾಡ್ದ. ತುಂಬ ದಿನ ಆದ್ಮೇಲೆ ಗೊತ್ತಾಯ್ತು, ನಾವು ಪ್ರತಿ ಸಲ ಬಿಲ್ಲನ್ನ ತಲೆಗೆ ಸಮ ಹಂಚ್ತಿದ್ವಿ, ಅವನು ಒಂದು ಜ್ಯೂಸು, ಅರ್ಧ ಪ್ಲೇಟ್ ಸ್ಟಾರ್ಟರಿಗೆ ನಮ್ಮ ನಾಲ್ಕು ಪೆಗ್ಗಿನ ಪಾಲು ಕಟ್ತಿದ್ದ. ಕೇಳೋಕೆ ಅವನಿಗೆ ಮುಜುಗರ, ಗಮನಿಸೋಕೆ ನಮಗೆ ಪುರುಸೊತ್ತಿಲ್ಲ. ಅದೂ ಸಾಲ್ದು ಅಂತ ಹ್ಯಾಪಿ ಅವರ್ಸ್ ಆಫರ್ ತುಂಬ ಕಡೆ ಮಾಕ್ಟೇಲಿಗೆ ಇರಲ್ಲ, ಹಾಗಾಗಿ ಟೇಬಲ್ ಮೇಲೆ ಫುಲ್ ರೇಟ್ ಕೊಡ್ತಿದ್ದೋನು ಅವನೊಬ್ಬನೇ!

ಸಮ ಹಂಚೋದು ಬರೀ ಅನ್ಯಾಯ ಅಲ್ಲ, ಬಿಲ್ಲನ್ನೂ ಏರ್ಸತ್ತೆ. ಯೂರಿ ನೀಜಿ ಅನ್ನೋ ಅರ್ಥಶಾಸ್ತ್ರಜ್ಞ ಮತ್ತೆ ಜೊತೆಗಾರರು ಇಸ್ರೇಲಿನ ಒಂದು ರೆಸ್ಟೋರೆಂಟಲ್ಲಿ ಆರಾರು ಜನರ ಗುಂಪು ಕೂರಿಸಿ ಟೆಸ್ಟ್ ಮಾಡಿದ್ರು, 2004ರಲ್ಲಿ ಅದು ಪ್ರಕಟ ಆಯ್ತು. ತಮ್ ತಮ್ದು ತಾವೇ ಕೊಡ್ಬೇಕು ಅಂದಾಗ ಜನ ಕಮ್ಮಿ ಆರ್ಡರ್ ಮಾಡಿದ್ರು, ಸಮ ಹಂಚೋದು ಅಂದಾಗ ಜಾಸ್ತಿ, ಪೂರ್ತಿ ಫ್ರೀ ಅಂದಾಗ ಎಲ್ಲಕ್ಕಿಂತ ಜಾಸ್ತಿ. ಅಲ್ವಾ ಮತ್ತೆ, ನಾನು ತಿಂದಿದ್ರಲ್ಲಿ ಆರನೇ ಒಂದು ಭಾಗ ಮಾತ್ರ ನಂದು ಅಂದ್ರೆ ಕೈ ತಾನಾಗೇ ಮೆನುವಿನ ಕೆಳಗಿನ ಕಾಸ್ಟ್ಲಿ ಐಟಮ್ಮಿಗೆ ಹೋಗತ್ತೆ. ಹಂಗಂತ ಎಂಟು ಜನಕ್ಕೆ ಎಂಟು ಬಿಲ್ ಕೇಳಿದ್ರೆ ವೇಟರ್ ಮುಖ ನೋಡೋಕಾಗಲ್ಲ. ನಾವು ಈಗ ಮಾಡ್ತಿರೋದು, ಕೂತ ತಕ್ಷಣ "ಡ್ರಿಂಕ್ಸಿನ ಬಿಲ್ ಬೇರೆ, ಊಟದ ಬಿಲ್ ಬೇರೆ ಮಾಡಿ" ಅಂತ ಹೇಳೋದು. ಊಟದ್ದು ಎಲ್ರೂ ಸಮ, ಡ್ರಿಂಕ್ಸಿಂದು ಕುಡಿದೋರು ಸಮ. ಪೈಸೆ ಪೈಸೆ ಲೆಕ್ಕ ಅಲ್ಲ, ಆದ್ರೆ ಯಾರ ಹೊಟ್ಟೆನೂ ಉರಿಯಲ್ಲ. ಜಾಗ ಸೆಲೆಕ್ಟ್ ಮಾಡುವಾಗ್ಲೂ ಇದನ್ನ ಸೇರಿಸ್ಕೊಳಿ, ಕುಡಿಯದೋರಿಗೆ ಸಕ್ಕರೆ ನೀರು ಬಿಟ್ಟು ಬೇರೇನಾದ್ರೂ ಇರೋ ಮೆನು ಒಂದು ಕಡೆ, ಬರೀ ಸೋಡಾ ಕೋಲಾ ಇರೋದು ಇನ್ನೊಂದು ಕಡೆ ಇದ್ರೆ ಮೊದಲನೇದಕ್ಕೇ ಹೋಗಿ.

ಸದ್ದು

ನನ್ನ ಕೇಳಿದ್ರೆ ರೆಸ್ಟೋರೆಂಟ್ ಆರಿಸೋದ್ರಲ್ಲಿ ಬೆಲೆಗಿಂತ, ರುಚಿಗಿಂತ ಮುಖ್ಯವಾಗಿ ನೋಡ್ಬೇಕಾಗಿರೋದು ಇದನ್ನ, ಮೆನುವಲ್ಲಿ ಬರೆಯದೇ ಇರೋದೂ ಇದೊಂದನ್ನೇ. ಇಬ್ರು ಆರಾಮಾಗಿ ಮಾತಾಡೋ ಸದ್ದು ಸುಮಾರು 60 ಡೆಸಿಬೆಲ್. ಸುತ್ತ 75 ದಾಟಿದ್ರೆ ಎದುರಿಗಿರೋರಿಗೆ ಕೇಳಿಸೋಕೆ ಗಂಟಲು ಎತ್ತಬೇಕು, ತುಂಬಿದ ಬಾರ್‌ನಲ್ಲಿ 80 ದಾಟೋದು ಏನೂ ದೊಡ್ಡ ವಿಷ್ಯ ಅಲ್ಲ. 85ರಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಕೆಲ್ಸ ಮಾಡ್ಬಾರ್ದು ಅನ್ನೋದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಶೋಧನಾ ಸಂಸ್ಥೆ (NIOSH) ಕೊಟ್ಟಿರೋ ಸಲಹೆ, ನಾವು ದುಡ್ಡು ಕೊಟ್ಟು ಅದರ ಹತ್ತತ್ರ ಹೋಗಿ ಕೂರ್ತೀವಿ.

ಅದಕ್ಕಿಂತ ತಮಾಷೆ ಏನಂದ್ರೆ ಈ ಸದ್ದು ತನ್ನನ್ನ ತಾನೇ ಬೆಳೆಸ್ಕೊಳತ್ತೆ. ಸುತ್ತ ಗಲಾಟೆ ಇದ್ರೆ ಮನುಷ್ಯ ತನಗೇ ಗೊತ್ತಿಲ್ದೆ ದನಿ ಏರಿಸ್ತಾನೆ ಅನ್ನೋದನ್ನ ಎತಿಯೆನ್ ಲೊಂಬಾರ್ ಅನ್ನೋ ಫ್ರೆಂಚ್ ಡಾಕ್ಟ್ರು 1911ರಲ್ಲೇ ಬರೆದಿಟ್ಟಿದಾರೆ. ಪಕ್ಕದ ಟೇಬಲ್ ಜೋರಾದ್ರೆ ನಾವು ಜೋರು, ನಾವು ಜೋರಾದ್ರೆ ಅವರು ಇನ್ನೂ ಜೋರು, ಆಮೇಲೆ ಮ್ಯೂಸಿಕ್ ಕೇಳಿಸ್ತಿಲ್ಲ ಅಂತ ಅದನ್ನೂ ಜೋರು ಮಾಡ್ತಾರೆ. ಒಂಬತ್ತು ಗಂಟೆ ಹೊತ್ತಿಗೆ ಎಲ್ರೂ ಕಿರುಚ್ತಿರ್ತಾರೆ, ಯಾರಿಗೂ ಏನೂ ಕೇಳಿಸ್ತಿರಲ್ಲ, ಎಲ್ರೂ ನಕ್ಕು ತಲೆ ಆಡಿಸ್ತಿರ್ತಾರೆ.

ಈ ವಿಷಯದಲ್ಲಿ ಹ್ಯಾಪಿ ಅವರ್ಸಿಗೆ ಫುಲ್ ಮಾರ್ಕ್ಸ್, ಕಣ್ಮುಚ್ಚಿ ಕೊಡ್ತೀನಿ. ನಾಲ್ಕೂವರೆ ಐದಕ್ಕೆ ಹೋದ್ರೆ ಹಾಲ್ ಅರ್ಧ ಖಾಲಿ, ಬೇಕಾದ ಮೂಲೆ ಸಿಗತ್ತೆ, ವೇಟರ್ ಕರೆದ ತಕ್ಷಣ ಬರ್ತಾನೆ, ಮನಸ್ಸು ಬಿಚ್ಚಿ ಮಾತಾಡಬಹುದು. ಕೆಲ್ಸ ಬಿಡೋ ಯೋಚ್ನೆಲಿರೋ ಫ್ರೆಂಡು, ಮದ್ವೆ ಮುರಿದು ಬಂದಿರೋ ಫ್ರೆಂಡು, ಇಂಥ ಮಾತಿಗೆ ಈ ಹೊತ್ತೇ ಸರಿ, ಬೇಕಾದ್ರೆ ಒಂದು ಗ್ಲಾಸ್ ನಿಂಬೆ ಸೋಡಾ ಇಟ್ಕೊಂಡೇ ಕೂರಿ. ಜಾಗ ನೋಡುವಾಗ ಗೋಡೆ, ಸೀಲಿಂಗ್ ಕಡೆ ಒಂದ್ಸಲ ಕಣ್ಣು ಹಾಯಿಸಿ. ಗಾಜು, ಬರೀ ಕಾಂಕ್ರೀಟು, ಕಬ್ಬಿಣದ ಕುರ್ಚಿ ಇದ್ರೆ ಸದ್ದು ಪುಟಿದು ಪುಟಿದು ಬರತ್ತೆ. ಪರದೆ, ಕುಶನ್ ಸೋಫಾ, ಮರ, ಗಿಡ ಇದ್ರೆ ಸ್ವಲ್ಪ ಕುಡ್ಕೊಳತ್ತೆ. ಸ್ಪೀಕರ್ ಕೆಳಗೆ, ಅಡುಗೆಮನೆ ಬಾಗಿಲ ಹತ್ರ, ಟಾಯ್ಲೆಟ್ ದಾರಿಲಿ, ಈ ಮೂರು ಟೇಬಲ್ ಫ್ರೀ ಕೊಟ್ರೂ ಬೇಡ. ಎತ್ತರದ ಸ್ಟೂಲಿನ ಕೌಂಟರ್ ಇಬ್ರಿಗೆ ಚೆಂದ, ಮೂರನೇಯೋನು ಬಂದ್ರೆ ಅವನಿಗೆ ನಡುವಿನೋನ ಕಿವಿ ಬಿಟ್ಟು ಬೇರೇನೂ ಕಾಣ್ಸಲ್ಲ.

ಎಷ್ಟು ಜನ ಅನ್ನೋದೂ ಇದಕ್ಕೇ ಸೇರತ್ತೆ. ರಾಬಿನ್ ಡನ್ಬಾರ್ ಅನ್ನೋ ಬ್ರಿಟಿಷ್ ವಿಜ್ಞಾನಿ ಮತ್ತೆ ಸಂಗಡಿಗರು ಜನ ತಾವಾಗೇ ಗುಂಪು ಕಟ್ಕೊಂಡು ಮಾತಾಡೋದನ್ನ ಗಮನಿಸಿ ನೋಡಿದಾಗ ಒಂದು ಮಾತುಕತೆಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಜನ ಇರೋದು ಅಪರೂಪ ಅಂತ ಕಂಡ್ರು, ಐದನೇಯೋರು ಬಂದ್ರೆ ಮಾತು ಎರಡಾಗಿ ಒಡೆಯತ್ತೆ. ನೀವೇ ನೆನಪು ಮಾಡ್ಕೊಳಿ, ಹತ್ತು ಜನದ ಉದ್ದನೇ ಟೇಬಲಲ್ಲಿ ಆ ತುದಿಲಿ ಕೂತೋನು ಬಂದಿದ್ದ ಅನ್ನೋದೇ ಫೋಟೋ ನೋಡಿದ್ಮೇಲೆ ಗೊತ್ತಾಗೋದು. ನಾಲ್ಕು ಜನ ಇದ್ರೆ ಎಲ್ಲಾದ್ರೂ ಕೂರಬಹುದು, ಆರು ಇದ್ರೆ ರೌಂಡ್ ಟೇಬಲ್ ಕೇಳಿ, ಹತ್ತು ಇದ್ರೆ ಟೇಬಲ್ ಬುಕ್ ಮಾಡೋದಕ್ಕಿಂತ ನಿಂತು ಓಡಾಡೋಕೆ ಜಾಗ ಇರೋ ಕಡೆ ಹೋಗಿ, ಆಗ ಜನ ಅವರೇ ತಿರುಗಾಡ್ಕೊಂಡು ಗುಂಪು ಬದಲಾಯಿಸ್ಕೊಳ್ತಾರೆ. ಹತ್ತು ಜನಕ್ಕೆ ಹ್ಯಾಪಿ ಅವರ್ಸ್ ವರ್ಕೌಟ್ ಆಗತ್ತೆ, ಅಷ್ಟು ಜನದ ರಾತ್ರಿ ಊಟ ಆಗಲ್ಲ, ಕೊನೆಯೋನ ಪ್ಲೇಟ್ ಬರೋ ಹೊತ್ತಿಗೆ ಮೊದಲನೇಯೋನು ಕೈ ತೊಳೆದು ಕೂತಿರ್ತಾನೆ.

ಹಳೇ ಜಾಗಾನಾ, ಹೊಸದಾ

ಇದ್ರಲ್ಲಿ ನಾನು ಪಕ್ಷಪಾತಿ, ಮೊದ್ಲೇ ಹೇಳಿಬಿಡ್ತೀನಿ. ದಿನಾ ಹೋಗೋ ಜಾಗದಲ್ಲಿ ಯಾವ ಐಟಂ ಚೆನ್ನಾಗಿರತ್ತೆ, ಯಾವುದನ್ನ ಮುಟ್ಟಬಾರ್ದು, ಯಾವ ಟೇಬಲ್‌ಗೆ ಫ್ಯಾನ್ ಗಾಳಿ ಬರತ್ತೆ ಎಲ್ಲಾ ಗೊತ್ತು. ವೇಟರ್ ನಮ್ಮನ್ನ ನೋಡಿದ ತಕ್ಷಣ "ಅದೇ ತಾನೇ ಅಣ್ಣಾ" ಅಂತಾನೆ. ಟೈಮ್ ಐದು ನಿಮಿಷ ದಾಟಿದ್ರೂ ಆಫರ್ ಹಾಕ್ಕೊಡ್ತಾನೆ, ಯಾವ ಕೂಪನ್ನಲ್ಲೂ ಅದು ಬರಲ್ಲ. ಮಾತಿಗೆ ಅಂತ ಸೇರುವಾಗ ಹಳೇ ಜಾಗಾನೇ ಸರಿ, ಯಾಕಂದ್ರೆ ಹೊಸ ಜಾಗದಲ್ಲಿ ಮೊದಲ ಅರ್ಧ ಗಂಟೆ ಮೆನು ಓದೋದ್ರಲ್ಲೇ ಹೋಗತ್ತೆ, ಇನ್ನರ್ಧ ಗಂಟೆ "ಇದು ಅಷ್ಟೇನೂ ಚೆನ್ನಾಗಿಲ್ಲ ಅಲ್ವಾ" ಅಂತ ಚರ್ಚೆ ಮಾಡೋದ್ರಲ್ಲಿ. ಹೊಸ ಜಾಗ ಟ್ರೈ ಮಾಡ್ಬೇಕು ಅಂದ್ರೆ ಅದಕ್ಕೆ ಇಬ್ಬರೋ ಮೂವರೋ ಸಾಕು, ಹ್ಯಾಪಿ ಅವರ್ಸ್ ಹೊತ್ತೇ ಬೆಸ್ಟು, ಕಮ್ಮಿ ಖರ್ಚಲ್ಲಿ ಎರಡು ಪ್ಲೇಟ್ ತಿಂದು ನೋಡಿ ಬನ್ನಿ, ಸರಿ ಅನ್ಸಿದ್ರೆ ಮುಂದಿನ ಸಲ ಗ್ಯಾಂಗ್ ಕರ್ಕೊಂಡು ರಾತ್ರಿ ಊಟಕ್ಕೆ ಹೋಗಿ. ಮನೆಯವರ ಬರ್ತ್‌ಡೇ ದಿನ ಮಾತ್ರ ಹೊಸ ಜಾಗದ ಪ್ರಯೋಗ ಮಾಡ್ಬೇಡಿ, ಏನಾದ್ರೂ ಎಡವಟ್ಟಾದ್ರೆ ವರ್ಷಪೂರ್ತಿ ಕೇಳಿಸ್ಕೊಳ್ಬೇಕು.

ರಿವ್ಯೂ ಸ್ಟಾರ್ ನೋಡೋದಾದ್ರೆ ಐದು ಸ್ಟಾರನ್ನೂ ಒಂದು ಸ್ಟಾರನ್ನೂ ಬಿಟ್ಟು ಮೂರು ಸ್ಟಾರ್ ಕೊಟ್ಟೋರು ಏನು ಬರೆದಿದಾರೆ ಓದಿ, ಕೋಪಾನೂ ಇರಲ್ಲ, ಹೊಗಳಿಕೆನೂ ಇರಲ್ಲ, "ಅಡುಗೆ ಚೆನ್ನಾಗಿದೆ, ಬರೋದು ಲೇಟು, ಪಾರ್ಕಿಂಗ್ ಇಲ್ಲ" ಅಂತ ಕೆಲ್ಸಕ್ಕೆ ಬರೋದು ಅಲ್ಲೇ ಸಿಗೋದು.

ಅಂದ್ಹಾಗೆ ಹ್ಯಾಪಿ ಅವರ್ಸಿಗೆ ಹೋಗಿ ಅಲ್ಲೇ ರಾತ್ರಿ ಊಟಾನೂ ಮುಗಿಸೋಣ ಅನ್ನೋ ಪ್ಲಾನ್ ಇದೆಯಲ್ಲ, ಕೇಳೋಕೆ ಚೆಂದ, ಮಾಡೋಕೆ ಅಲ್ಲ. ಏಳು ಗಂಟೆಗೆ ಆಫರ್ ಮುಗಿದಿರತ್ತೆ, ಯಾರಿಗೂ ಏಳೋಕೆ ಮನಸ್ಸಿರಲ್ಲ, ಕರಿದಿದ್ದು ತಿಂದು ಹೊಟ್ಟೆ ಅರ್ಧ ತುಂಬಿರತ್ತೆ, ಆಮೇಲೆ ಫುಲ್ ರೇಟಲ್ಲಿ ಎರಡು ರೌಂಡು, ಅರ್ಧ ಬಿಟ್ಟ ಮೇನ್ ಕೋರ್ಸು, ಅದರ ಪಾರ್ಸೆಲ್ಲು, ಆ ಪಾರ್ಸೆಲ್ ಆಟೋದಲ್ಲಿ ಮರೆತು ಬರೋದು. ಉಳಿಸಿದ್ದೆಲ್ಲ ಆ ಎರಡು ಗಂಟೆಲಿ ಬಡ್ಡಿ ಸಮೇತ ವಾಪಸ್ ಕೊಟ್ಟಿರ್ತೀವಿ. ಅದಕ್ಕೆ ನಾವೀಗ ಐದಕ್ಕೆ ಸೇರ್ತೀವಿ, ಆರೂಮುಕ್ಕಾಲಿಗೆ ಕೊನೇ ರೌಂಡ್, ಏಳೂಕಾಲಿಗೆ ಬಿಲ್, ಎಂಟಕ್ಕೆ ಅವರವರ ಮನೇಲಿ ಊಟ. ಊಟದ ಪ್ರೋಗ್ರಾಂ ಬೇರೆ ದಿನ. ಆ ಜ್ಯೂಸ್ ಫ್ರೆಂಡ್ ಕಳೆದ ತಿಂಗಳಿಂದ ವಾಪಸ್ ಬರ್ತಿದಾನೆ, ಈಗ ಬಿಲ್ ಬೇರೆ ಬೇರೆ ಮಾಡ್ಸೋ ಡ್ಯೂಟಿ ಅವನದೇ, ನಾಲ್ಕನೇದು ಫ್ರೀ ಅಂತ ಯಾರಾದ್ರೂ ಕೈ ಎತ್ತಿದ್ರೆ "ಸಾಕು ಕೂತ್ಕೊಳೋ" ಅನ್ನೋನೂ ಅವನೇ.